ಡಿವಿಡೆಂಡ್ ನೋಡಿ ಷೇರು ಕೊಳ್ಳಬಹುದೆ?

ಡಿವಿಡೆಂಡ್ ಎಂಬ ಮಾತು ನಮ್ಮ ಗಡಿ ಭಾಗದವರಿಗೆ ಹೊಸದೇನಲ್ಲ. ಚೀಟಿ ಹಾಕುವವರೆಲ್ಲ ಕೇಳಿದ ಪದವೇ. ಇಪ್ಪತ್ತು ಜನರ ಒಂದು ಲಕ್ಷ ರೂಪಾಯಿ ಚೀಟಿಯನ್ನು ಒಬ್ಬರು 20 ಸಾವಿರ ಬಿಟ್ಟು ಕೂಗಿ ಎತ್ತಿದರು ಎನ್ನಿ. ಚೀಟಿ ನಡೆಸುವವರ ಕಮಿಷನ್ 5 ಸಾವಿರ ಹೋದರೆ ಉಳಿದ 15 ಸಾವಿರವನ್ನು ಇಪ್ಪತ್ತು ಜನರಿಗೆ ತಲಾ 750 ರೂಪಾಯಿಯಂತೆ ಹಂಚುತ್ತಾರೆ. ಇದಕ್ಕೂ ಡಿವಿಡೆಂಡ್ ಎಂದೇ ಹೆಸರು. 1982ರ ಚಿಟ್ ಫಂಡ್ ಕಾಯ್ದೆಯಲ್ಲೂ ಇದೇ ಪದವಿತ್ತು. 2019ರ ತಿದ್ದುಪಡಿಯಲ್ಲಿ ಅದನ್ನು ತೆಗೆದು 'ರಿಯಾಯಿತಿಯ ಪಾಲು' ಎಂಬ ಅರ್ಥದ ಮಾತು ಹಾಕಿದರು. ಹಾಗೆ ಮಾಡಿದ್ದು ಒಳ್ಳೆಯದೇ ಆಯಿತು. ಚೀಟಿಯಲ್ಲಿ ಯಾರೂ ಏನನ್ನೂ ಸಂಪಾದಿಸುವುದಿಲ್ಲ. ತುರ್ತು ಇದ್ದ ಒಬ್ಬ ಸದಸ್ಯ ಬಿಟ್ಟುಕೊಟ್ಟ ಹಣ ಉಳಿದವರಿಗೆ ಬರುತ್ತದೆ, ಅಷ್ಟೆ.

ಕಂಪನಿ ಕೊಡುವ ಡಿವಿಡೆಂಡ್ ಬೇರೆ. ಕಂಪನಿ ಸರಕು ಮಾರಿ, ಕೂಲಿ, ಬಡ್ಡಿ, ತೆರಿಗೆ ಎಲ್ಲ ಕಟ್ಟಿ ಉಳಿದ ಲಾಭದಲ್ಲಿ ಒಂದು ಪಾಲನ್ನು ಷೇರುದಾರರಿಗೆ ಹಂಚುತ್ತದೆ. ತಮಿಳು ಪತ್ರಿಕೆಗಳಲ್ಲಿ 'ಈವುತ್ತೊಗೈ' ಎಂದು ಬರುವುದು ಇದೇ. ಕನ್ನಡದಲ್ಲಿ ಲಾಭಾಂಶ ಎನ್ನುತ್ತಾರೆ. ಕೊಡಲೇಬೇಕು ಎಂಬ ಕಡ್ಡಾಯವಿಲ್ಲ. ಕೊಡುವುದಾದರೆ ಆ ವರ್ಷದ ಲಾಭದಿಂದ ಅಥವಾ ಹಿಂದಿನ ವರ್ಷಗಳಲ್ಲಿ ಕೂಡಿಟ್ಟ ಲಾಭದಿಂದಲೇ ಕೊಡಬೇಕು, ಘೋಷಿಸಿದ 30 ದಿನದೊಳಗೆ ಪಾವತಿಸಬೇಕು ಎಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ.

ಹೊಸೂರಿನ ಕಾರ್ಖಾನೆಗಳಿಗೆ ಕಂಪನಿ ಬಸ್ಸು ಹತ್ತುವ ಹುಡುಗರು ಈಗ ಮೊಬೈಲಿನಲ್ಲೇ ಡಿಮ್ಯಾಟ್ ಖಾತೆ ತೆರೆದಿದ್ದಾರೆ. ಮಾವು, ಹುಣಸೆ, ರೇಷ್ಮೆಗೂಡು ಮಾರಿದ ಹಣವೂ ಅಲ್ಲಿ ಇಲ್ಲಿ ಷೇರಿಗೆ ಹೋಗುತ್ತಿದೆ. 'ಯಾವ ಕಂಪನಿ ಜಾಸ್ತಿ ಡಿವಿಡೆಂಡ್ ಕೊಡುತ್ತದೋ ಅದನ್ನೇ ತಗೊಂಡರೆ ಆಯ್ತಲ್ಲ?' ಎಂದು ಕೇಳುವವರು ಬಹಳ. ಪ್ರಶ್ನೆ ತಪ್ಪಲ್ಲ. ಪುಸ್ತಕದಲ್ಲಿ ಲಾಭ ಬರೆದುಕೊಳ್ಳುವುದು ಸುಲಭ, ನಿಮ್ಮ ಬ್ಯಾಂಕ್ ಖಾತೆಗೆ ನಿಜವಾದ ಹಣ ಹಾಕುವುದು ಕಷ್ಟ. ಆದ್ದರಿಂದ ಹತ್ತು ವರ್ಷ ಬಿಡದೆ ಡಿವಿಡೆಂಡ್ ಕೊಟ್ಟ ಕಂಪನಿಯ ಮೇಲೆ ಸ್ವಲ್ಪ ನಂಬಿಕೆ ಹುಟ್ಟುವುದು ಸಹಜ. ಆದರೆ ಆ ಹಣ ಎಲ್ಲಿಂದ ಬಂತು ಎಂದು ಕೇಳದೆ ಎಷ್ಟು ಬಂತು ಎಂದಷ್ಟೇ ನೋಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಪಕ್ಕದಲ್ಲೇ ಉದಾಹರಣೆಗಳಿವೆ.

ಶೇಕಡಾ 800 ಎಂದರೆ ಎಷ್ಟು?

ಮೊದಲು ಲೆಕ್ಕ ತಿಳಿದುಕೊಳ್ಳೋಣ. ಹೊಸೂರಿನಲ್ಲಿ ಕಾರ್ಖಾನೆ ಇರುವ ಟಿವಿಎಸ್ ಮೋಟಾರ್ 2023-24ಕ್ಕೆ ಶೇಕಡಾ 800 ಡಿವಿಡೆಂಡ್ ಕೊಟ್ಟಿತು. ನೂರು ರೂಪಾಯಿಗೆ ಎಂಟುನೂರು ಬಂತು ಎಂದು ಕುಣಿಯಬೇಡಿ. ಈ ಶೇಕಡಾವಾರು ಷೇರಿನ ಮುಖಬೆಲೆಯ ಮೇಲೆ. ಟಿವಿಎಸ್ ಷೇರಿನ ಮುಖಬೆಲೆ 1 ರೂಪಾಯಿ. ಹಾಗಾಗಿ ಒಂದು ಷೇರಿಗೆ ಬಂದದ್ದು 8 ರೂಪಾಯಿ. 2024ರ ಮಾರ್ಚ್ ಕೊನೆಗೆ ಪೇಟೆಯಲ್ಲಿ ಅದರ ಬೆಲೆ ಎರಡು ಸಾವಿರ ರೂಪಾಯಿ ಮೀರಿತ್ತು. ಆ ಬೆಲೆಗೆ ಕೊಂಡವರಿಗೆ ನೂರು ರೂಪಾಯಿಗೆ ನಲವತ್ತು ಪೈಸೆಯೂ ಬೀಳಲಿಲ್ಲ.

ಹೀಗೆ ಡಿವಿಡೆಂಡನ್ನು ಪೇಟೆ ಬೆಲೆಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವುದಕ್ಕೆ ಡಿವಿಡೆಂಡ್ ಯೀಲ್ಡ್ ಎನ್ನುತ್ತಾರೆ. ಬ್ಯಾಂಕ್ ಠೇವಣಿಯ ಬಡ್ಡಿಯ ಜೊತೆ ಹೋಲಿಸಬೇಕಾದದ್ದು ಈ ಯೀಲ್ಡನ್ನು. ಜಾಹೀರಾತಿನಲ್ಲಿ ಬರುವ ಶೇಕಡಾ 800, ಶೇಕಡಾ 1,000 ಇವುಗಳಿಂದ ಕೊಳ್ಳುವವರಿಗೆ ಏನೂ ತಿಳಿಯುವುದಿಲ್ಲ.

ಯೀಲ್ಡ್ ಏರಲು ಎರಡು ದಾರಿ ಇವೆ. ಕಂಪನಿ ಡಿವಿಡೆಂಡ್ ಹೆಚ್ಚಿಸಬಹುದು. ಇಲ್ಲವೇ ಷೇರಿನ ಬೆಲೆ ಬೀಳಬಹುದು. ಪಟ್ಟಿ ನೋಡಿ ಕೊಳ್ಳುವವರು ಎಡವುವುದು ಎರಡನೆಯದರಲ್ಲಿ.

ಅಶೋಕ್ ಲೇಲ್ಯಾಂಡ್ ಹೇಳುವ ಕತೆ

ಹೊಸೂರಿನವರಿಗೆ ಅಶೋಕ್ ಲೇಲ್ಯಾಂಡ್ ಕಾರ್ಖಾನೆಯ ಬಗ್ಗೆ ಹೇಳಬೇಕಾಗಿಲ್ಲ. ಲಾರಿ ವ್ಯಾಪಾರ ಮಳೆಯ ಹಾಗೆ, ಒಂದು ವರ್ಷ ಭರ್ತಿ, ಮತ್ತೊಂದು ವರ್ಷ ಬರ. ಕಂಪನಿ 2018-19ರಲ್ಲಿ ಸುಮಾರು 1.97 ಲಕ್ಷ ವಾಹನ ಮಾರಿತ್ತು, ಲಾಭ 1,983 ಕೋಟಿ ರೂಪಾಯಿ. ಮರುವರ್ಷ ಮಾರಾಟ 1.25 ಲಕ್ಷಕ್ಕೆ ಇಳಿಯಿತು, ಲಾಭ 240 ಕೋಟಿಗೆ ಕುಸಿಯಿತು. ಡಿವಿಡೆಂಡ್ ಅದರ ಹಿಂದೆಯೇ ಹೋಯಿತು. 2018-19ಕ್ಕೆ ಷೇರಿಗೆ 3 ರೂಪಾಯಿ 10 ಪೈಸೆ ಕೊಟ್ಟ ಕಂಪನಿ 2019-20ಕ್ಕೆ ಕೊಟ್ಟದ್ದು 50 ಪೈಸೆ. ಮುಂದಿನ ವರ್ಷ 60 ಪೈಸೆ, ಆಮೇಲೆ 1 ರೂಪಾಯಿ, 2.60, ಕೊನೆಗೆ 2023-24ಕ್ಕೆ 4.95.

2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಗಾಬರಿಯಲ್ಲಿ ಈ ಷೇರು 43 ರೂಪಾಯಿ ಹತ್ತಿರ ಇತ್ತು. ಹಿಂದಿನ ವರ್ಷದ 3.10 ಇಟ್ಟುಕೊಂಡು ಲೆಕ್ಕ ಹಾಕಿದವರಿಗೆ ಯೀಲ್ಡ್ ಶೇಕಡಾ 7ಕ್ಕೂ ಮೇಲೆ ಕಂಡಿರಬೇಕು. ಬ್ಯಾಂಕ್ ಬಡ್ಡಿಗಿಂತ ವಾಸಿ ಎನಿಸುವಂಥದ್ದು. ನಿಜವಾಗಿ ಬಂದ 50 ಪೈಸೆಯ ಲೆಕ್ಕದಲ್ಲಿ ಅದು ಶೇಕಡಾ 1.2 ಕೂಡ ದಾಟುವುದಿಲ್ಲ. ಹಾಗೆಂದು ಅಂದು ಕೊಂಡವರು ಕೆಟ್ಟರೆ? ಇಲ್ಲ. ನಾಲ್ಕು ವರ್ಷ ತಾಳಿದವರಿಗೆ 2023-24ರ 4.95 ರೂಪಾಯಿ ಅವರು ಕೊಟ್ಟ ಬೆಲೆಯ ಮೇಲೆ ಶೇಕಡಾ 11ರಷ್ಟಾಯಿತು, ಬೆಲೆಯೂ ನಾಲ್ಕು ಪಟ್ಟಿನ ಹತ್ತಿರ ಬಂತು. ಅವರಿಗೆ ಫಲ ಸಿಕ್ಕಿದ್ದು ಲಾರಿ ವ್ಯಾಪಾರ ಮತ್ತೆ ಎದ್ದುಕೊಂಡದ್ದರಿಂದ. ಪಟ್ಟಿಯಲ್ಲಿದ್ದ 7 ಎಂಬ ಅಂಕಿಗೂ ಅದಕ್ಕೂ ಸಂಬಂಧವಿಲ್ಲ.

ಇಂಥ ಕಂಪನಿಗಳ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಅನುಕೂಲವಿದೆ. 2019ರ ಸೆಪ್ಟೆಂಬರಿನಲ್ಲಿ ಬೇಡಿಕೆ ಇಲ್ಲವೆಂದು ಹೊಸೂರು ಘಟಕಗಳಲ್ಲಿ ಕೆಲಸವಿಲ್ಲದ ದಿನಗಳನ್ನು ಕಂಪನಿ ಘೋಷಿಸಿತ್ತು. ಡಿವಿಡೆಂಡ್ ಕಡಿತ ಗೊತ್ತಾದದ್ದು ಅದಾಗಿ ಆರು ತಿಂಗಳಿಗೆ. ಬಿಡಿಭಾಗ ಮಾಡುವ ಸಣ್ಣ ಘಟಕಗಳಲ್ಲಿ ಓವರ್‌ಟೈಮ್ ನಿಂತಾಗ ಮುಂಬೈಯ ಪಂಡಿತರಿಗಿಂತ ಮುಂಚೆ ಇಲ್ಲಿನವರಿಗೆ ಸುದ್ದಿ ಸಿಗುತ್ತದೆ. ಲಾರಿ, ಉಕ್ಕು, ಕಲ್ಲಿದ್ದಲು, ಸಕ್ಕರೆ ಇಂಥ ಏರಿಳಿತದ ವ್ಯಾಪಾರದಲ್ಲಿ ಒಂದು ವರ್ಷದ ಡಿವಿಡೆಂಡ್ ನೋಡಿ ಏನೂ ತೀರ್ಮಾನಿಸಬಾರದು. ಒಂದು ಪೂರ್ತಿ ಸುತ್ತು, ಅಂದರೆ ಏಳೆಂಟು ವರ್ಷದ ಸರಾಸರಿ ನೋಡಬೇಕು. ಅದರಲ್ಲಿ ಅತಿ ಕೆಟ್ಟ ವರ್ಷ ಎಷ್ಟು ಕೊಟ್ಟರು ಎಂಬುದನ್ನು ಮರೆಯದೆ ನೋಡಬೇಕು.

ಕೋಲ್ ಇಂಡಿಯಾ 2022-23ಕ್ಕೆ 24.25 ರೂಪಾಯಿ, 2023-24ಕ್ಕೆ 25.50 ರೂಪಾಯಿ ಕೊಟ್ಟಿತು. ಹೆಚ್ಚು ಕಡಿಮೆ ಒಂದೇ. ಆದರೆ 2023ರ ಮಾರ್ಚಿನ ಬೆಲೆಗೆ ಯೀಲ್ಡ್ ಶೇಕಡಾ 11ರಷ್ಟು, 2024ರ ಮಾರ್ಚಿನ ಬೆಲೆಗೆ ಶೇಕಡಾ 6ಕ್ಕೂ ಕಡಿಮೆ. ನಡುವೆ ಬೆಲೆ ದುಪ್ಪಟ್ಟಾಗಿತ್ತು. 2010ರಲ್ಲಿ 245 ರೂಪಾಯಿಗೆ ಸರ್ಕಾರ ಮಾರಿದ ಈ ಷೇರು 2020ರಲ್ಲಿ ಅರ್ಧಕ್ಕಿಂತಲೂ ಕೆಳಗೆ ಬಿದ್ದಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು. ಹತ್ತು ವರ್ಷ ಡಿವಿಡೆಂಡ್ ಎಣಿಸಿದವರಿಗೆ ಅಸಲು ಕರಗುತ್ತಿದ್ದದ್ದು ಕಾಣದೇ ಇರಲಿಲ್ಲ.

ಲಕ್ಷ್ಮಿ ವಿಲಾಸ್ ಬ್ಯಾಂಕ್

ಇದು ನಮ್ಮ ಜಿಲ್ಲೆಗಳವರು ಮರೆಯಬಾರದ ಸಂಗತಿ. 1926ರಲ್ಲಿ ಕರೂರಿನ ವ್ಯಾಪಾರಿಗಳು ಕಟ್ಟಿದ ಬ್ಯಾಂಕ್ ಅದು. ಸಣ್ಣ ವ್ಯಾಪಾರಿ, ನೇಕಾರ, ರೈತರಿಗೆ ಸಾಲ ಕೊಟ್ಟು ಬೆಳೆಯಿತು. ಮನೆಯ ಹಿರಿಯರು ಅದರ ಷೇರನ್ನು ಒಡವೆಯ ಹಾಗೆ ಇಟ್ಟುಕೊಳ್ಳುತ್ತಿದ್ದರು. 2016-17ರ ಸಾಲಿಗೂ ಬ್ಯಾಂಕ್ ಡಿವಿಡೆಂಡ್ ಕೊಟ್ಟಿತು. ಆ ವರ್ಷದ ಲಾಭ 256 ಕೋಟಿ ರೂಪಾಯಿ ಎಂದು ಲೆಕ್ಕಪತ್ರ ಹೇಳುತ್ತಿತ್ತು. ಡಿವಿಡೆಂಡ್ ಒಂದನ್ನೇ ನೋಡುವವರಿಗೆ ಚಿಂತೆಗೆ ಕಾರಣವೇ ಇರಲಿಲ್ಲ.

ಅದೇ 2017ರ ಡಿಸೆಂಬರಿನಲ್ಲಿ ಬ್ಯಾಂಕ್ ತನ್ನ ಷೇರುದಾರರ ಬಳಿಯೇ ಬಂದು ಷೇರಿಗೆ 122 ರೂಪಾಯಿಯಂತೆ ಹಕ್ಕಿನ ಷೇರು ಕೊಟ್ಟು ಸುಮಾರು 787 ಕೋಟಿ ಎತ್ತಿತು. ಒಂದು ಕೈಯಲ್ಲಿ ಕೆಲವು ರೂಪಾಯಿ ಕೊಟ್ಟು, ಇನ್ನೊಂದು ಕೈಯಲ್ಲಿ ನೂರಾರು ಕೇಳಿದ ಹಾಗಾಯಿತು. ಸಾಲಗಳು ದೊಡ್ಡ ದೊಡ್ಡ ಕಂಪನಿಗಳ ಕಡೆಗೆ ವಾಲಿದ್ದವು, ಅವು ವಸೂಲಾಗಲಿಲ್ಲ. 2017-18ರಲ್ಲಿ 585 ಕೋಟಿ ನಷ್ಟ, ಮರುವರ್ಷ 894 ಕೋಟಿ, ಅದರ ಮರುವರ್ಷ 836 ಕೋಟಿ. 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿತು. 2020ರ ಮಾರ್ಚ್ ಹೊತ್ತಿಗೆ ಕೊಟ್ಟ ಸಾಲದಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಕೆಟ್ಟ ಸಾಲ. 2020ರ ನವೆಂಬರ್ 17ರಂದು ಠೇವಣಿದಾರರು 25 ಸಾವಿರಕ್ಕಿಂತ ಹೆಚ್ಚು ತೆಗೆಯದಂತೆ ತಡೆ ಬಂತು. ಹತ್ತೇ ದಿನಕ್ಕೆ, ನವೆಂಬರ್ 27ರಂದು, ಬ್ಯಾಂಕನ್ನು ಡಿಬಿಎಸ್ ಬ್ಯಾಂಕ್ ಇಂಡಿಯಾಕ್ಕೆ ಸೇರಿಸಿದರು.

ಠೇವಣಿ ಇಟ್ಟವರ ಹಣ ಉಳಿಯಿತು. ಷೇರುದಾರರಿಗೆ ಏನು ಸಿಕ್ಕಿತು? ಸೊನ್ನೆ. ಬ್ಯಾಂಕಿನ ಇಡೀ ಷೇರು ಬಂಡವಾಳವನ್ನು ಲೆಕ್ಕದಿಂದ ಅಳಿಸಿ ಹಾಕಿದರು. ಒಂದೇ ಬ್ಯಾಂಕಿನಲ್ಲಿ ಠೇವಣಿ ಇಟ್ಟ ಅಣ್ಣ ಬಚಾವಾದ, ಷೇರು ಕೊಂಡ ತಮ್ಮ ಕಳೆದುಕೊಂಡ. ಡಿವಿಡೆಂಡನ್ನು ಬಡ್ಡಿ ಎಂದು ತಿಳಿಯುವವರು ಈ ವ್ಯತ್ಯಾಸವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಬಡ್ಡಿ ಒಪ್ಪಂದದ ಮೇಲೆ ಬರುತ್ತದೆ, ಡಿವಿಡೆಂಡ್ ಎಲ್ಲರಿಗೂ ಕೊಟ್ಟು ಮಿಕ್ಕರೆ ಬರುತ್ತದೆ.

ಬ್ಯಾಂಕ್ ಷೇರು ನೋಡುವಾಗ ಆದ್ದರಿಂದ ಡಿವಿಡೆಂಡಿಗಿಂತ ಮೊದಲು ಕೆಟ್ಟ ಸಾಲದ ಪ್ರಮಾಣ ನೋಡಿ, ಅದು ಮೂರು ವರ್ಷದಿಂದ ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿ. ಡಿವಿಡೆಂಡ್ ಕೊಟ್ಟ ಬೆನ್ನಿಗೇ ಹೊಸ ಬಂಡವಾಳ ಕೇಳುವ ಬ್ಯಾಂಕಿನ ಮೇಲೆ ಒಂದು ಕಣ್ಣಿರಲಿ. ಹಾಗೆಯೇ ಒಂದು ವರ್ಷ ಕೊಡದೆ ಇದ್ದರೆ ಅದೂ ರೋಗದ ಗುರುತಾಗಬೇಕಿಲ್ಲ. 2020ರ ಏಪ್ರಿಲಿನಲ್ಲಿ ರಿಸರ್ವ್ ಬ್ಯಾಂಕೇ 2019-20ರ ಲಾಭದಿಂದ ಯಾವ ಬ್ಯಾಂಕೂ ಡಿವಿಡೆಂಡ್ ಹಂಚಬಾರದು ಎಂದು ತಡೆದಿತ್ತು. ಆ ವರ್ಷದ ಖಾಲಿ ಮನೆ ನೋಡಿ ಒಳ್ಳೆಯ ಬ್ಯಾಂಕನ್ನು ತಳ್ಳಿ ಹಾಕಬಾರದು.

ಲಾಭಕ್ಕಿಂತ ಹೆಚ್ಚು ಹಂಚಿದರೆ?

ಮೆಟ್ಟೂರಿನ ಮಾಲ್ಕೊ ಅಲ್ಯೂಮಿನಿಯಂ ಕಾರ್ಖಾನೆ 1995ರಲ್ಲಿ ಸ್ಟರ್ಲೈಟ್ ಸಮೂಹದ ಕೈಗೆ ಹೋದದ್ದು ಕೊಳತ್ತೂರು ಕಡೆಯವರಿಗೆ ನೆನಪಿದ್ದೀತು. 2018ರಲ್ಲಿ ಮುಚ್ಚಿದ ತೂತುಕುಡಿಯ ತಾಮ್ರ ಕಾರ್ಖಾನೆಯೂ ಅದೇ ಸಮೂಹದ್ದು. ಇಂದಿನ ವೇದಾಂತ ಕಂಪನಿ ಅದೇ. 2022-23ರಲ್ಲಿ ವೇದಾಂತ ಐದು ಕಂತಿನಲ್ಲಿ ಷೇರಿಗೆ ಒಟ್ಟು 101 ರೂಪಾಯಿ 50 ಪೈಸೆ ಹಂಚಿತು. 2023ರ ಮಾರ್ಚ್ ಬೆಲೆಯ ಮೇಲೆ ಇದು ಶೇಕಡಾ 35ಕ್ಕೂ ಹೆಚ್ಚು. ಯಾವ ಪಟ್ಟಿಯಲ್ಲಿ ನೋಡಿದರೂ ಮೊದಲ ಸ್ಥಾನ.

ಹಂಚಿದ ಮೊತ್ತ 37 ಸಾವಿರ ಕೋಟಿ ದಾಟಿತ್ತು. ಅಂಗಸಂಸ್ಥೆಗಳನ್ನೂ ಸೇರಿಸಿದ ಲೆಕ್ಕದಲ್ಲಿ ಆ ವರ್ಷದ ಲಾಭದ ಎರಡು ಪಟ್ಟಿಗೂ ಇದು ಜಾಸ್ತಿ. ಕಂಪನಿಯ ಮೂರನೇ ಎರಡು ಪಾಲಿನಷ್ಟು ಷೇರು ಲಂಡನ್ನಿನ ತಾಯಿ ಸಂಸ್ಥೆಯ ಕಡೆ ಇತ್ತು, ಆ ಸಂಸ್ಥೆಗೆ ತೀರಿಸಬೇಕಾದ ದೊಡ್ಡ ಸಾಲವಿತ್ತು. ಡಿವಿಡೆಂಡಿನ ದೊಡ್ಡ ಪಾಲು ಅಲ್ಲಿಗೆ ಹೋಯಿತು. ಕಾನೂನಿನಲ್ಲಿ ಇದಕ್ಕೆ ಅಡ್ಡಿಯಿಲ್ಲ, ಸಣ್ಣ ಷೇರುದಾರರಿಗೂ ಅವರವರ ಪಾಲು ಬಂತು. ಆದರೆ ಇದು ಪ್ರತಿ ವರ್ಷ ನಡೆಯುವಂಥದ್ದಲ್ಲ. ಮರುವರ್ಷ ಬಂದದ್ದು 29 ರೂಪಾಯಿ 50 ಪೈಸೆ. ಮುಂದೆ ಷೇರಿನ ಬೆಲೆ ಏರಿತು, ಅದು ಬೇರೆ ಮಾತು. 101 ರೂಪಾಯಿ ವರ್ಷ ವರ್ಷ ಬರುತ್ತದೆಂದು ಮನೆ ಖರ್ಚಿನ ಲೆಕ್ಕ ಹಾಕಿದವರ ಗತಿ ಏನು?

ಇದನ್ನು ಅಳೆಯಲು ಸುಲಭದ ಲೆಕ್ಕವೊಂದಿದೆ. ಒಂದು ಷೇರಿನ ಡಿವಿಡೆಂಡನ್ನು ಒಂದು ಷೇರಿನ ಲಾಭದಿಂದ ಭಾಗಿಸಿ. 2023-24ರಲ್ಲಿ ಟಿವಿಎಸ್ ಮೋಟಾರ್ ಷೇರಿನ ಲಾಭ ಸುಮಾರು 44 ರೂಪಾಯಿ, ಕೊಟ್ಟದ್ದು 8, ಅಂದರೆ ಶೇಕಡಾ 18. ಅಶೋಕ್ ಲೇಲ್ಯಾಂಡ್ 9 ರೂಪಾಯಿಗೆ ಸ್ವಲ್ಪ ಕಡಿಮೆ ಲಾಭದಲ್ಲಿ 4.95 ಕೊಟ್ಟಿತು, ಅದು ಶೇಕಡಾ 55. ನೂರಕ್ಕೆ ಅರವತ್ತು ಎಪ್ಪತ್ತರ ಒಳಗಿದ್ದರೆ ಕೆಟ್ಟ ವರ್ಷ ಬಂದರೂ ಉಸಿರಾಡಲು ಜಾಗವಿದೆ ಎಂದು ನಾನು ತಿಳಿಯುತ್ತೇನೆ. ನೂರನ್ನು ದಾಟಿದರೆ ಕಾರಣ ಕೇಳಲೇಬೇಕು: ಹಳೆಯ ಗಂಟು ಬಿಚ್ಚಿದರೆ? ಜಾಗ ಮಾರಿದರೆ? ಸಾಲ ತಂದರೆ? ಇನ್ಫೋಸಿಸ್ ಕೆಲವು ಸಲ ಮಾಡಿದಂತೆ ವಿಶೇಷ ಡಿವಿಡೆಂಡ್ ಆದರೆ ಕಂಪನಿಯೇ ಹಾಗೆಂದು ಹೇಳುತ್ತದೆ, ಅದನ್ನು ಲೆಕ್ಕದಿಂದ ಹೊರಗಿಡಿ.

ಲಾಭದ ಅಂಕಿಯೂ ಸುಳ್ಳಾಗಬಹುದಲ್ಲ ಎಂದರೆ, ಆಗಬಹುದು. ಡಿವಿಡೆಂಡ್ ಕೊಡುತ್ತಲೇ ಇದ್ದ ಸತ್ಯಂ ಕಂಪನಿಯ ಬ್ಯಾಂಕ್ ಖಾತೆಗಳಲ್ಲಿ ಹೇಳಿದ ಹಣವೇ ಇಲ್ಲ ಎಂದು 2009ರ ಜನವರಿಯಲ್ಲಿ ಅದರ ಅಧ್ಯಕ್ಷರೇ ಒಪ್ಪಿಕೊಂಡರು. ವಾರ್ಷಿಕ ವರದಿಯಲ್ಲಿ ವ್ಯಾಪಾರದಿಂದ ಕೈಗೆ ಬಂದ ನಗದಿನ ಪಟ್ಟಿ ಬೇರೆ ಇರುತ್ತದೆ. ಐದು ವರ್ಷದ ಆ ನಗದು ಐದು ವರ್ಷದ ಲಾಭಕ್ಕೆ ಹತ್ತಿರವಿದೆಯೆ, ಸಾಲ ಏರುತ್ತಾ ಹೋಗಿದೆಯೆ ಎಂದು ನೋಡಿದರೆ ಎಲ್ಲ ಮೋಸವೂ ಸಿಕ್ಕಿಬೀಳದು, ಆದರೆ ಬಹಳಷ್ಟು ಕಣ್ಣಿಗೆ ಬೀಳುತ್ತದೆ.

ಕಡಿಮೆ ಕೊಟ್ಟವರು ಕೆಟ್ಟವರಲ್ಲ

ಇದಕ್ಕೆ ತಿರುಗಾ ಉದಾಹರಣೆ ಟೈಟನ್. ತಮಿಳುನಾಡು ಸರ್ಕಾರದ ಟಿಡ್ಕೊ ಮತ್ತು ಟಾಟಾ ಸೇರಿ 1984ರಲ್ಲಿ ಕಟ್ಟಿದ ಕಂಪನಿ, ಗಡಿಯಾರದ ಕಾರ್ಖಾನೆ ಹೊಸೂರಿನಲ್ಲಿ. 2023-24ಕ್ಕೆ ಷೇರಿಗೆ 11 ರೂಪಾಯಿ ಕೊಟ್ಟಿತು. ಬೆಲೆ ಮೂರು ಸಾವಿರದ ಮೇಲಿತ್ತು. ಯೀಲ್ಡ್ ಪಟ್ಟಿ ಹಿಡಿದವರು ಇದನ್ನು ತಿರುಗಿಯೂ ನೋಡುವುದಿಲ್ಲ. ಆದರೆ 2011ರಲ್ಲಿ 10 ರೂಪಾಯಿ ಮುಖಬೆಲೆಯ ಒಂದು ಷೇರನ್ನು ಹತ್ತು ಮಾಡಿ, ಅದರ ಮೇಲೆ ಒಂದಕ್ಕೊಂದು ಬೋನಸ್ ಕೊಟ್ಟರು. ಅದಕ್ಕೆ ಮುಂಚೆ 100 ಷೇರು ಇಟ್ಟುಕೊಂಡಿದ್ದವರ ಬಳಿ 2,000 ಷೇರು ಆಯಿತು. 11 ರೂಪಾಯಿಯಂತೆ ವರ್ಷಕ್ಕೆ 22 ಸಾವಿರ ಡಿವಿಡೆಂಡ್. ಶೇಕಡಾ 27.88 ಪಾಲು ಇಟ್ಟುಕೊಂಡಿರುವ ಟಿಡ್ಕೊಗೆ ಆ ವರ್ಷ ಬಂದದ್ದು ಸುಮಾರು 272 ಕೋಟಿ. ಲಾಭವನ್ನು ಹಂಚದೆ ಅಂಗಡಿ, ಆಭರಣ ವ್ಯಾಪಾರಕ್ಕೆ ಹಾಕಿದ್ದರ ಫಲ ಅದು.

ಬೋನಸ್, ವಿಭಜನೆ ಆದಾಗ ಷೇರಿಗೆ ಬರುವ ಡಿವಿಡೆಂಡ್ ಇಳಿದಂತೆ ಕಾಣುತ್ತದೆ. 2025ರ ಜುಲೈಯಲ್ಲಿ ಅಶೋಕ್ ಲೇಲ್ಯಾಂಡ್ ಒಂದಕ್ಕೊಂದು ಬೋನಸ್ ಕೊಟ್ಟಿದೆ. ಮೇಲೆ ಹೇಳಿದ ಅದರ ಹಳೆಯ ಅಂಕಿಗಳನ್ನು ಆಮೇಲಿನವುಗಳೊಡನೆ ಹೋಲಿಸುವಾಗ ಅರ್ಧ ಮಾಡಿಕೊಳ್ಳಬೇಕು.

ನಿವೃತ್ತರಿಗೆ, ವರ್ಷಕ್ಕೊಮ್ಮೆ ಕೈಗೆ ಹಣ ಬೇಕು ಎನ್ನುವವರಿಗೆ ಡಿವಿಡೆಂಡ್ ಮುಖ್ಯ. ಮೂವತ್ತು ವರ್ಷದ ಹುಡುಗನಿಗೆ ಲಾಭವನ್ನು ಒಳಗೇ ಬೆಳೆಸುವ ಕಂಪನಿ ಮೇಲು. ಇಬ್ಬರಿಗೂ ಒಂದೇ ಪಟ್ಟಿ ಕೊಡುವ ಸಲಹೆಗಾರರನ್ನು ನಾನು ನಂಬುವುದಿಲ್ಲ.

'ತಿಂಗಳಿಗಿಷ್ಟು ಡಿವಿಡೆಂಡ್ ಗ್ಯಾರಂಟಿ' ಎಂದು ವಾಟ್ಸಪ್ಪಿನಲ್ಲಿ ಬಂದರೆ ಅಲ್ಲಿಗೇ ಬಿಡಿ. ಷೇರುಪೇಟೆಯ ಯಾವ ಕಂಪನಿಯೂ ಮುಂದಿನ ಡಿವಿಡೆಂಡಿಗೆ ಗ್ಯಾರಂಟಿ ಕೊಡಲಾರದು. 2012ರಲ್ಲಿ ಪೆರುಂದುರೈ ಸುತ್ತಿನ ಎಮು ಕೋಳಿ ಕಂಪನಿಗಳು ಬಿದ್ದಾಗ ಹಣ ಕಳೆದುಕೊಂಡವರೂ ಮೊದಲ ಕೆಲವು ತಿಂಗಳು ಹಣ ಸರಿಯಾಗಿ ಬಂದದ್ದನ್ನೇ ಸಾಕ್ಷಿ ಎಂದು ನಂಬಿದ್ದರು. ಬಂದ ಹಣ ಕೋಳಿಯದ್ದಾಗಿರಲಿಲ್ಲ, ಆಮೇಲೆ ಸೇರಿದವರದ್ದು. ಇಂಥ ಠೇವಣಿ ಮೋಸಕ್ಕೆ ತಮಿಳುನಾಡಿನಲ್ಲಿ 1997ರ ಠೇವಣಿದಾರರ ರಕ್ಷಣಾ ಕಾಯ್ದೆ ಇದೆ, ದೂರು ಕೊಡಬೇಕಾದದ್ದು ಪೊಲೀಸರ ಆರ್ಥಿಕ ಅಪರಾಧ ವಿಭಾಗಕ್ಕೆ.

ದಿನಾಂಕ, ತೆರಿಗೆ, ಹಳೆಯ ಷೇರು

ಡಿವಿಡೆಂಡ್ ಘೋಷಿಸುವಾಗ ಕಂಪನಿ 'ರೆಕಾರ್ಡ್ ದಿನಾಂಕ' ಹೇಳುತ್ತದೆ. ಆ ದಿನ ನಿಮ್ಮ ಹೆಸರು ಪಟ್ಟಿಯಲ್ಲಿರಬೇಕು. ಈಗ ಕೊಂಡ ಮರುದಿನ ಷೇರು ಖಾತೆಗೆ ಬರುವುದರಿಂದ ಕನಿಷ್ಠ ಹಿಂದಿನ ವಹಿವಾಟು ದಿನವೇ ಕೊಂಡಿರಬೇಕು. ಹಾಗಾದರೆ ಹಿಂದಿನ ದಿನ ಕೊಂಡು, ಡಿವಿಡೆಂಡ್ ಪಡೆದು, ಮರುದಿನ ಮಾರಿದರೆ? ಆ ದಿನ ಬೆಳಿಗ್ಗೆ ಬೆಲೆ ಸಾಮಾನ್ಯವಾಗಿ ಡಿವಿಡೆಂಡಿನಷ್ಟೇ ಇಳಿದು ತೆರೆಯುತ್ತದೆ. ದಲಾಲಿ, ತೆರಿಗೆ ಕೈಯಿಂದ ಹೋಗುತ್ತದೆ.

2020ರ ಏಪ್ರಿಲ್ 1ರಿಂದ ಡಿವಿಡೆಂಡ್ ಮೇಲಿನ ತೆರಿಗೆ ಪಡೆದವರದ್ದು. ಅದು ನಿಮ್ಮ ಆದಾಯಕ್ಕೆ ಸೇರುತ್ತದೆ. ಒಂದು ಕಂಪನಿಯಿಂದ ವರ್ಷಕ್ಕೆ 10 ಸಾವಿರ ದಾಟಿದರೆ ಶೇಕಡಾ 10 ಹಿಡಿದು ಕೊಡುತ್ತಾರೆ. ಈ ಮಿತಿ 2025ರ ಮಾರ್ಚ್‌ವರೆಗೆ 5 ಸಾವಿರವಿತ್ತು. ಪ್ಯಾನ್ ಕೊಟ್ಟಿರದಿದ್ದರೆ ಶೇಕಡಾ 20 ಹೋಗುತ್ತದೆ. ತೆರಿಗೆ ಕಟ್ಟುವಷ್ಟು ಆದಾಯವಿಲ್ಲದವರು ಮೊದಲೇ ಘೋಷಣೆ ಅರ್ಜಿ ಕೊಟ್ಟು ಇದನ್ನು ತಪ್ಪಿಸಬಹುದು, ಇಲ್ಲವೇ ರಿಟರ್ನ್ಸ್ ಸಲ್ಲಿಸಿ ವಾಪಸು ಪಡೆಯಬಹುದು.

ಪೆಟ್ಟಿಗೆಯಲ್ಲಿ ತಾತನ ಕಾಲದ ಕಾಗದದ ಷೇರು ಇದ್ದರೆ ತಡಮಾಡಬೇಡಿ. 2019ರ ಏಪ್ರಿಲ್‌ನಿಂದ ಕಾಗದದ ಷೇರನ್ನು ಮಾರಲು ಬರುವುದಿಲ್ಲ, ಡಿಮ್ಯಾಟ್ ಮಾಡಿಸಬೇಕು. ಪ್ಯಾನ್, ಬ್ಯಾಂಕ್ ವಿವರ ಕೊಡದ ಕಾಗದದ ಷೇರುಗಳಿಗೆ 2024ರ ಏಪ್ರಿಲ್ 1ರಿಂದ ಡಿವಿಡೆಂಡ್ ಕಳಿಸದೆ ತಡೆಹಿಡಿಯುತ್ತಾರೆ. ಏಳು ವರ್ಷ ಸತತವಾಗಿ ಯಾರೂ ಪಡೆಯದ ಡಿವಿಡೆಂಡ್ ಮಾತ್ರವಲ್ಲ, ಆ ಷೇರುಗಳೂ ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತವೆ. ಹೋದದ್ದನ್ನು ಮರಳಿ ಪಡೆಯಬಹುದು. ಐಇಪಿಎಫ್-5 ಎಂಬ ಅರ್ಜಿಯನ್ನು ಅಂತರ್ಜಾಲದಲ್ಲಿ ತುಂಬಿ, ಕಂಪನಿಗೆ ದಾಖಲೆ ಕಳಿಸಬೇಕು. ಷೇರುದಾರರು ತೀರಿಕೊಂಡಿದ್ದರೆ ವಾರಸುದಾರರ ಪತ್ರಗಳು ಬೇಕು. ತಮಿಳಿನಲ್ಲಿ ಒಂದು ಹೆಸರು, ಇಂಗ್ಲಿಷಿನಲ್ಲಿ ಇನ್ನೊಂದು ಕಾಗುಣಿತ ಇರುವ ನಮ್ಮ ಕಡೆಯ ಪತ್ರಗಳಲ್ಲಿ ತಡವಾಗುವುದು ಹೆಚ್ಚಾಗಿ ಇಲ್ಲೇ. ಆದ್ದರಿಂದ ಆಧಾರ್, ಪ್ಯಾನ್, ಷೇರು ಪತ್ರ ಮೂರರಲ್ಲೂ ಹೆಸರು ಒಂದೇ ಇದೆಯೆ ಎಂದು ಮೊದಲು ನೋಡಿಕೊಳ್ಳಿ. ಅರ್ಜಿಗೆ ಸರ್ಕಾರಿ ಶುಲ್ಕವಿಲ್ಲ.